ಬೆಂಕಿ ಬದು ದಾಟಿದಾಗ

ಶಿವರಾತ್ರಿ ಮುಗಿದು ನಂಜನಗೂಡು ದೊಡ್ಡ ಜಾತ್ರೆಗೆ ಸಜ್ಜಾಗುವ ದಿನಗಳಲ್ಲಿ ಕಪಿಲೆಯ ಎರಡೂ ದಂಡೆಯ ಊರುಗಳಿಗೆ ಸಂಜೆಯಾದರೆ ಒಂದೇ ವಾಸನೆ, ತರಗು ಸುಡುವ ವಾಸನೆ. ಕಬ್ಬು ಕಟಾವಾಗಿ ಟ್ರ್ಯಾಕ್ಟರುಗಳು ಅಳಗಂಚಿಯ ಕಾರ್ಖಾನೆ ಕಡೆಗೆ ಹೋಗಿರುತ್ತವೆ. ಗದ್ದೆಯಲ್ಲಿ ಉಳಿದದ್ದು ಕಾಲು ಹೂತುಹೋಗುವಷ್ಟು ಒಣ ಎಲೆಯ ಹಾಸು. ಕಡ್ಡಿ ಗೀರಿದರೆ ಅರ್ಧ ಗಂಟೆಯಲ್ಲಿ ಹೊಲ ಚೊಕ್ಕ. ಆ ಅರ್ಧ ಗಂಟೆಯೊಳಗೆ ಗಾಳಿ ದಿಕ್ಕು ಬದಲಿಸಿತೋ, ಪಕ್ಕದವನ ಬೇಲಿಯೂ ಚೊಕ್ಕ.

ಆಮೇಲೆ ಬದುವಿನ ಮೇಲೆ ನಡೆಯುವ ಮಾತುಕತೆಗೆ ಊರಿನ ಹೆಸರು ಬೇಕಾಗಿಲ್ಲ. ನಂಜನಗೂಡಿನ ಹುಲ್ಲಹಳ್ಳಿ ಕಡೆಯಲ್ಲಿ ಕೇಳಿದರೂ ಅದೇ, ತಿ. ನರಸೀಪುರದ ಬನ್ನೂರು ಕಡೆಯಲ್ಲಿ ಕೇಳಿದರೂ ಅದೇ.

“ನಾ ಹಚ್ಚುದ್ದು ನಮ್ಮೊಲದ ತರಗ್ಗೆ ಕನಣ್ಣ. ಗಾಳಿ ಎದ್ದುದ್ಕೆ ನಾನೇನ್ ಮಾಡ್ಲಿ?”

“ಗಾಳಿ ನಿಂದಲ್ಲ ಕನಪ್ಪ. ಬೆಂಕಿಪೊಟ್ಣ ನಿಂದು ತಾನೆ?”

ಇಬ್ಬರೂ ಕಾನೂನು ಓದಿದವರಲ್ಲ. ಆದರೆ ನ್ಯಾಯಾಲಯಗಳು ನೂರೈವತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವ ಪ್ರಶ್ನೆಯನ್ನು ಎರಡೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ನನ್ನ ನೆಲದಲ್ಲಿ ನಾನು ಹಚ್ಚಿದ ಬೆಂಕಿಯನ್ನು ಗಾಳಿ ಕದ್ದೊಯ್ದರೆ, ಆ ಕಡೆ ಸುಟ್ಟದ್ದಕ್ಕೆ ಯಾರು ಹೊಣೆ?

ಮೊದಲು ಬೆಂಕಿಯ ಕಾರಣ ನೋಡೋಣ. ಸುಡುವವರನ್ನು ಬೈದು ಮುಗಿಸುವುದು ಸುಲಭ, ಆದರೆ ಅವರ ಲೆಕ್ಕವೂ ಒಂದಿದೆ. ಒಂದು ಹೆಕ್ಟೇರ್ ಕಬ್ಬು ಕಡಿದರೆ ಎಂಟರಿಂದ ಹತ್ತು ಟನ್ ಒಣ ತರಗು ಉಳಿಯುತ್ತದೆ. ಎಕರೆಗೆ ಮೂರು-ನಾಲ್ಕು ಟನ್ ಎನ್ನಿ. ಕಟಾವಿನ ಮಾರನೇ ವಾರವೇ ಕೂಳೆ ಬೆಳೆಗೆ ನೀರು ಬಿಡಬೇಕು. ತರಗಿನ ಹಾಸು ಇದ್ದರೆ ನೀರು ಸಾಲಿನಲ್ಲಿ ಓಡುವುದಿಲ್ಲ, ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ತರಗನ್ನು ಬಾಚಿ ಸಾಲಿಗೆ ಹಾಕಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ಇನ್ನೊಂದು ಭಯವೂ ಇದೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಅಂದಿನಿಂದ ಅಲ್ಲಿ ಬೆಳೆದು ನಿಂತ ಕಬ್ಬು, ಪೊದೆ ಹಿಡಿದ ಬದು, ದಟ್ಟ ಬೇಲಿ ಎಲ್ಲವೂ ಅನುಮಾನದ ಜಾಗವೇ. ಹೊಲ ಬಯಲಾದಷ್ಟೂ ಜೀವಕ್ಕೆ ಸಮಾಧಾನ. ತರಗನ್ನು ಪುಡಿ ಮಾಡಿ ಮಣ್ಣಿಗೆ ಸೇರಿಸಿದರೆ ಗೊಬ್ಬರ, ಸುಟ್ಟರೆ ಸಾರಜನಕ ಹೊಗೆಯಾಗಿ ಹೋಗುತ್ತದೆ ಎಂದು ಮಂಡ್ಯದ ವಿ.ಸಿ. ಫಾರಂನವರು, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದವರು ಹೇಳುವುದು ರೈತನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಕಡ್ಡಿ ಗೀರುವುದು ಆ ವಾರದ ಒತ್ತಡಕ್ಕೆ.

ಇನ್ನು ಬೇಲಿ. ನಗರದವರಿಗೆ ಬೇಲಿ ಎಂದರೆ ತಂತಿ. ಈ ಎರಡು ತಾಲ್ಲೂಕುಗಳಲ್ಲಿ ಬೇಲಿ ಎನ್ನುವ ಒಂದೇ ಪದದೊಳಗೆ ಹತ್ತು ಬಗೆ ಇವೆ. ಅಜ್ಜನ ಕಾಲದ ಕಳ್ಳಿ ಬೇಲಿ, ಕತ್ತಾಳೆ ಬೇಲಿ, ಲಕ್ಕಿ ಮತ್ತು ಬಂದರಿಕೆ ಗಿಡಗಳ ಜೀವಂತ ಬೇಲಿ, ಜಾಲಿಮುಳ್ಳು ಕಡಿದು ಒತ್ತಿದ ಒಣ ಬೇಲಿ, ಕಲ್ಲುಕಂಬ ನೆಟ್ಟು ಎಳೆದ ಮುಳ್ಳುತಂತಿ, ತೋಟಕ್ಕೆ ಹಾಕಿದ ಚೈನ್‌ಲಿಂಕ್, ಕಾಡಂಚಿಗೆ ಹೋದರೆ ಸೋಲಾರ್ ತಂತಿ. ಬೆಂಕಿಗೆ ಇವೆಲ್ಲ ಒಂದೇ ಅಲ್ಲ. ಒಣಮುಳ್ಳಿನ ಬೇಲಿ ಸೌದೆಯ ರಾಶಿಯಂತೆ ಉರಿಯುತ್ತದೆ. ಕಳ್ಳಿ ರಸ ತುಂಬಿದ್ದು, ಹೊರಗೆ ಬೆಂದರೂ ಬುಡ ಬದುಕುತ್ತದೆ. ಮುಳ್ಳುತಂತಿ ಉರಿಯುವುದಿಲ್ಲ, ಆದರೆ ಒಮ್ಮೆ ಕೆಂಪಗೆ ಕಾದರೆ ಸತುವಿನ ಲೇಪ ಹೋಗಿ ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಉದುರುತ್ತದೆ. ಕಲ್ಲುಕಂಬವೂ ಕಾವಿಗೆ ಸಿಡಿದು ಬಿರುಕು ಬಿಡುವುದುಂಟು. ಸೋಲಾರ್ ಬೇಲಿಯಲ್ಲಿ ಬ್ಯಾಟರಿ ಪೆಟ್ಟಿಗೆ, ಪ್ಲಾಸ್ಟಿಕ್ಕಿನ ಇನ್ಸುಲೇಟರ್ ಕರಗಿದರೆ ಆ ರಾತ್ರಿಯೇ ಆನೆಗೆ ದಾರಿ ತೆರೆದಂತೆ. ಹಾಗಾಗಿ “ಬೇಲಿ ಸುಟ್ಟಿತು” ಎನ್ನುವ ಒಂದು ವಾಕ್ಯದ ಹಿಂದಿನ ನಷ್ಟ ಒಂದೆಡೆ ಒಂದು ದಿನದ ಆಳುಕೂಲಿ, ಇನ್ನೊಂದೆಡೆ ವರ್ಷದ ಬೆಳೆ.

ಇದನ್ನು ಯಾರು ಕಟ್ಟಿಕೊಡಬೇಕು ಎಂದು ಹುಡುಕುತ್ತಾ ಕಾನೂನಿನ ಪುಸ್ತಕ ತೆರೆದರೆ ಮೊದಲಿಗೇ ಒಂದು ಸೋಜಿಗ. ನಮ್ಮ ಕಾನೂನು ಕಲ್ಲನ್ನು ಬಲ್ಲದು, ಬೇಲಿಯನ್ನು ಅರಿಯದು. 1888ರ ಮೈಸೂರು ಭೂಕಂದಾಯ ಸಂಹಿತೆಯ ಕಾಲದಿಂದಲೂ, ಅದರ ಜಾಗಕ್ಕೆ ಬಂದ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲಿಯೂ, ಸರ್ಕಾರದ ಕಣ್ಣಿರುವುದು ಗಡಿಗುರುತಿನ ಮೇಲೆ, ಎಂದರೆ ಬಾಂದುಕಲ್ಲಿನ ಮೇಲೆ. ತನ್ನ ಹಿಡುವಳಿಯ ಬಾಂದುಕಲ್ಲು ಸುಸ್ಥಿತಿಯಲ್ಲಿರುವಂತೆ ನೋಡಿಕೊಳ್ಳುವ ಹೊಣೆ ಆಯಾ ಹಿಡುವಳಿದಾರನದು. ಕಲ್ಲು ಕಾಣೆಯಾದರೆ, ಒಡೆದರೆ, ಕಂದಾಯದವರು ಅದನ್ನು ಸರಿಪಡಿಸಿ ಆ ಖರ್ಚನ್ನು ಅವನಿಂದಲೇ ಪಡೆಯಬಹುದು. ಸರ್ಕಾರ ನೆಟ್ಟ ಗಡಿಗುರುತನ್ನು ಬೇಕೆಂದೇ ಕಿತ್ತರೆ ಅದು ಅಪರಾಧ, ಒಂದು ವರ್ಷದವರೆಗೆ ಸೆರೆವಾಸ. ಆದರೆ ಆ ಕಲ್ಲಿಂದ ಈ ಕಲ್ಲಿಗೆ ನಡುವೆ ಬೇಲಿ ಹಾಕಲೇಬೇಕು ಎಂದಾಗಲಿ, ಹಾಕಿದರೆ ಇಬ್ಬರೂ ಅರ್ಧರ್ಧ ಖರ್ಚು ಕೊಡಬೇಕು ಎಂದಾಗಲಿ ಹೇಳುವ ಕಾಯ್ದೆ ನಮ್ಮಲ್ಲಿಲ್ಲ. ಬೇಲಿ ಎನ್ನುವುದು ಹಾಕಿದವನ ಆಸ್ತಿ, ಅಥವಾ ಇಬ್ಬರು ಮಾತಾಡಿಕೊಂಡು ಮಾಡಿದ ಬಾಯಿಮಾತಿನ ಒಪ್ಪಂದ. “ಈ ಕಡೆ ಮೂಡಲ ಬೇಲಿ ನಮ್ಮದು, ಆ ಕಡೆ ತೆಂಕಲ ಬೇಲಿ ನಿಮ್ಮದು” ಎಂದು ಹಿಂದಿನವರು ಹಂಚಿಕೊಂಡದ್ದೇ ಬಹುತೇಕ ಊರುಗಳಲ್ಲಿ ಇಂದಿಗೂ ನಡೆದಿರುವ ಕಾನೂನು.

ಇದಕ್ಕೆ ಎದುರಾಗಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯವನ್ನು ನೋಡಿ. ಕಾಡ್ಗಿಚ್ಚು ಅಲ್ಲಿ ಪ್ರತಿ ಬೇಸಿಗೆಯ ಮಾತು. ಅಲ್ಲಿ ಗಡಿಬೇಲಿಗೆಂದೇ 1991ರಲ್ಲಿ ಒಂದು ಪ್ರತ್ಯೇಕ ಕಾಯ್ದೆ ಬಂತು. ಅದರ ಪ್ರಕಾರ ನೆರೆಯ ಇಬ್ಬರು ಭೂಮಾಲೀಕರೂ ಬೇಲಿಯ ಖರ್ಚನ್ನು ಸಮವಾಗಿ ಹೊರಬೇಕು. ಬೆಂಕಿಯೋ ಬಿರುಗಾಳಿಯೋ ಬೇಲಿಯನ್ನು ಕೆಡವಿದರೂ ಅದೇ ಲೆಕ್ಕ. ಆದರೆ ಒಬ್ಬನ ಅಜಾಗರೂಕತೆಯಿಂದಲೋ ಬೇಕೆಂದು ಮಾಡಿದ್ದರಿಂದಲೋ ಬೇಲಿ ಹಾಳಾಗಿದ್ದರೆ ಪೂರ್ತಿ ಖರ್ಚು ಅವನದೇ. ಎರಡೇ ಸಾಲಿನ ನಿಯಮ. ನಮ್ಮಲ್ಲಿ ಇದರ ಮೊದಲ ಅರ್ಧ ಇಲ್ಲ. ಎರಡನೇ ಅರ್ಧ ಇದೆ, ಆದರೆ ಒಂದೇ ಕಡೆ ಇಲ್ಲ, ಚೆದುರಿದೆ. ಹಾಗಾಗಿ ನಂಜನಗೂಡಿನ ರೈತ “ಬೇಲಿ ಯಾರದು?” ಎಂದು ಜಗಳಕ್ಕೆ ನಿಂತರೆ ದಾರಿ ತಪ್ಪಿದಂತೆ. ಇಲ್ಲಿ ಹೊಣೆ ಬೇಲಿಯ ಹಿಂದೆ ಹೋಗುವುದಿಲ್ಲ, ಬೆಂಕಿಯ ಹಿಂದೆ ಹೋಗುತ್ತದೆ.

ಚೆದುರಿದ ಆ ಕಾನೂನಿನಲ್ಲಿ ಸಿವಿಲ್ ದಾರಿ ಮೊದಲನೆಯದು. ಬೆಂಕಿಯಂಥ ಅಪಾಯದ ವಸ್ತುವನ್ನು ಕೈಗೆತ್ತಿಕೊಂಡವನಿಗೆ ನೆರೆಯವನ ಬಗ್ಗೆ ಎಚ್ಚರದ ಹೊಣೆ ಇರುತ್ತದೆ. ಆ ಎಚ್ಚರ ತಪ್ಪಿ ನಷ್ಟವಾದರೆ ಪರಿಹಾರ ಕೊಡಬೇಕು. 1868ರಲ್ಲಿ ಇಂಗ್ಲೆಂಡಿನ ರೈಲ್ಯಾಂಡ್ಸ್ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಬೆಂಕಿಯದಲ್ಲ, ನೀರಿನದು. ಗಿರಣಿಗೆಂದು ಕಟ್ಟಿಸಿದ ಕೆರೆಯ ನೀರು ಪಕ್ಕದವನ ಗಣಿಗೆ ನುಗ್ಗಿತ್ತು. ತಪ್ಪಿಸಿಕೊಂಡು ಹೋದರೆ ಕೇಡು ಮಾಡುವಂಥದ್ದನ್ನು ನೆಲದ ಮೇಲೆ ತಂದು ಇಟ್ಟುಕೊಂಡವನು, ಎಚ್ಚರ ತಪ್ಪದಿದ್ದರೂ ಹೊಣೆ ಎಂದು ಅಲ್ಲಿನ ನ್ಯಾಯಾಧೀಶರು ಹೇಳಿದರು. ಆದರೆ ಅದಕ್ಕೊಂದು ಷರತ್ತು ಉಂಟು. ನೆಲದ ಆ ಬಳಕೆ ಸಹಜವಲ್ಲದ್ದಾಗಿರಬೇಕು. ರೈತ ತನ್ನ ತರಗು ಸುಡುವುದು ಸಹಜವೋ ಅಸಹಜವೋ ಎಂದು ವಾದಿಸುತ್ತಾ ಕೂತರೆ ವಕೀಲರ ಮಕ್ಕಳು ಓದು ಮುಗಿಸುತ್ತಾರೆ. ಅದರ ಬದಲು ಎಚ್ಚರ ತಪ್ಪಿತೇ ಎಂದು ಕೇಳಬೇಕು. ನಡುಹಗಲ ಬಿಸಿಲಿನಲ್ಲಿ ಹಚ್ಚಿದ್ದೇ, ಸಂಜೆ ಇಬ್ಬನಿ ಹೊತ್ತಿಗೆ ಹಚ್ಚಿದ್ದೇ? ಬದುವಿನ ಉದ್ದಕ್ಕೂ ಎರಡು ಸಾಲು ಉಳುಮೆ ಹೊಡೆದು ತರಗನ್ನು ಒಳಗೆ ಎಳೆದಿದ್ದರೆ? ಪಕ್ಕದವರಿಗೆ ಹೇಳಿದ್ದರೆ? ನೀರಿನ ಮೋಟಾರು, ಹಸಿ ಸೊಪ್ಪಿನ ಕೊಂಬೆ, ಇಬ್ಬರು ಆಳು ಇದ್ದರೆ, ಅಥವಾ ಹಚ್ಚಿ ಬೀಡಿ ಸೇದುತ್ತಾ ಮನೆಗೆ ಹೋದದ್ದೇ? ನಮ್ಮ ಜಗಳಗಳು ನಿಜವಾಗಿ ತೀರುವುದು ಈ ಚಿಕ್ಕ ಪ್ರಶ್ನೆಗಳ ಮೇಲೆ. ಗಾಳಿ ಎನ್ನುವುದು ಫಾಲ್ಗುಣ ಮಾಸದಲ್ಲಿ ಯಾರಿಗೂ ಅನಿರೀಕ್ಷಿತವಲ್ಲ. ಅದನ್ನು ದೈವಕೃತ್ಯ ಎಂದು ತಳ್ಳಿಹಾಕಲು ಬರುವುದಿಲ್ಲ.

ಗಾಳಿಯ ಮಾತು ಬಂದದ್ದರಿಂದ ಪಶ್ಚಿಮ ಆಸ್ಟ್ರೇಲಿಯಾದ ಒಂದು ಮರದ ಕತೆ ಹೇಳಲೇಬೇಕು. 1961ರ ಫೆಬ್ರವರಿ ಕೊನೆ. ಗೋಲ್ಡ್‌ಮನ್ ಎಂಬ ರೈತನ ಜಮೀನಿನಲ್ಲಿದ್ದ ಸುಮಾರು ನೂರು ಅಡಿ ಎತ್ತರದ ಮರಕ್ಕೆ ಸಿಡಿಲು ಬಡಿದು ಕವಲಿನಲ್ಲಿ ಬೆಂಕಿ ಹತ್ತಿತು. ಅವನು ಬೇಕೆಂದು ಹಚ್ಚಿದ್ದಲ್ಲ, ಅಲಕ್ಷ್ಯದಿಂದ ಹತ್ತಿದ್ದೂ ಅಲ್ಲ. ಅವನು ಸುಮ್ಮನೆಯೂ ಕೂರಲಿಲ್ಲ. ಮರದ ಸುತ್ತ ಜಾಗ ಚೊಕ್ಕ ಮಾಡಿಸಿದ, ಮಾರನೇ ದಿನ ಮರ ಕಡಿಸಿ ಉರುಳಿಸಿದ. ಅಷ್ಟಾದ ಮೇಲೆ ನೀರು ಹೊಯ್ದು ಆರಿಸುವ ಬದಲು “ತಾನಾಗಿ ಉರಿದು ಬೂದಿಯಾಗಲಿ” ಎಂದು ಬಿಟ್ಟ. ಮೂರು ದಿನದ ಮೇಲೆ ಬಿಸಿಗಾಳಿ ಎದ್ದಿತು. ನೆರೆಯವರ ಜಮೀನು ಸುಟ್ಟಿತು. ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ 1966ರಲ್ಲಿ ತೀರ್ಮಾನವಾಯಿತು. ಬೆಂಕಿ ದೇವರು ಕೊಟ್ಟದ್ದೇ ಇರಲಿ, ಅದು ನಿನ್ನ ನೆಲದಲ್ಲಿದೆ ಎಂದು ಗೊತ್ತಿದ್ದು, ಆರಿಸಲು ಕೈಲಾಗುತ್ತಿದ್ದು, ಆರಿಸದೆ ಬಿಟ್ಟದ್ದಕ್ಕೆ ನೀನು ಹೊಣೆ ಎಂದಿತು ತೀರ್ಪು.

ಆ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ನನಗೆ ಅದೇ ಹೆಚ್ಚು ಹಿಡಿಸಿದ್ದು. ಈ ಹೊಣೆಯ ಅಳತೆ ಎಲ್ಲರಿಗೂ ಒಂದೇ ಅಲ್ಲ. ಕೈಯಲ್ಲಿ ಕಾಸಿರುವ, ಆಳುಕಾಳು ಇರುವ ಜಮೀನುದಾರನಿಂದ ನಿರೀಕ್ಷಿಸುವಷ್ಟನ್ನು ವಯಸ್ಸಾದ, ಒಂಟಿಯಾದ, ಬಡ ಹಿಡುವಳಿದಾರನಿಂದ ನಿರೀಕ್ಷಿಸಬಾರದು. ಅವನ ಶಕ್ತಿಗೆ ಎಷ್ಟು ಸಾಧ್ಯವೋ ಅಷ್ಟು ಮಾಡಿದನೇ ಎಂದು ನೋಡಬೇಕು. ನಮ್ಮ ನ್ಯಾಯಾಲಯಗಳು ಈ ತೀರ್ಪಿಗೆ ಕಟ್ಟುಬಿದ್ದಿಲ್ಲ, ಆದರೆ ವಾದದಲ್ಲಿ ಬಳಸಿಕೊಳ್ಳಬಹುದು. ಮುಕ್ಕಾಲು ಎಕರೆಯ ವಿಧವೆಯ ಹೊಲದಲ್ಲಿ ಹತ್ತಿದ ಬೆಂಕಿಗೂ ನಾಲೆ ನೀರು, ಬೋರು, ಟ್ರ್ಯಾಕ್ಟರು ಎಲ್ಲ ಇರುವವನ ಹೊಲದ ಬೆಂಕಿಗೂ ವ್ಯತ್ಯಾಸ ಇದೆ ಎಂದು ಊರಿನ ಪಂಚಾಯಿತಿ ಕಟ್ಟೆಗೂ ಗೊತ್ತು.

ಇನ್ನೊಂದು ದಾರಿ ಪೊಲೀಸ್ ಠಾಣೆಯದು. ಬೆಂಕಿಯನ್ನು ಅಜಾಗರೂಕತೆಯಿಂದ ಬಳಸಿ ಬೇರೆಯವರಿಗೆ ಅಪಾಯ ತಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮು. ಆರು ತಿಂಗಳವರೆಗೆ ಸೆರೆ ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ದಂಡ ಸಂಹಿತೆಯಲ್ಲಿ ಇದು 285 ಆಗಿತ್ತು, ದಂಡ ಸಾವಿರವಿತ್ತು. ನಷ್ಟ ಮಾಡಬೇಕೆಂದೇ ಹಚ್ಚಿದ್ದಾದರೆ ಏಳು ವರ್ಷದವರೆಗೆ ಸೆರೆ. ಇಲ್ಲಿ ಹಳೆಯ ಸಂಹಿತೆಯ 435ನೇ ಕಲಮಿನಲ್ಲಿದ್ದ ಒಂದು ಸಣ್ಣ ವಿಚಿತ್ರ ಈಗ ಮರೆತುಹೋಗುತ್ತಿದೆ. ಸಾಮಾನ್ಯ ಆಸ್ತಿಯಾದರೆ ನೂರು ರೂಪಾಯಿ ನಷ್ಟವಾಗಿರಬೇಕಿತ್ತು, ಆದರೆ ಬೆಳೆಯಾದರೆ ಹತ್ತೇ ರೂಪಾಯಿ ಸಾಕಿತ್ತು. ಬ್ರಿಟಿಷರು 1882ರಲ್ಲಿ ಸೇರಿಸಿದ್ದು. ಬಣವೆಗೆ ಬೆಂಕಿಯಿಡುವ ಹಗೆ ಎಂಥದೆಂದು ಅವರಿಗೂ ಗೊತ್ತಾಗಿತ್ತು.

ಅದಕ್ಕೂ ಹಿಂದಿನದು ಕೇಳಿದರೆ ಮೈ ಜುಂ ಎನ್ನುತ್ತದೆ. ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಮಿತಾಕ್ಷರಾ, ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ವ್ಯಾಖ್ಯಾನ. ಆ ಸ್ಮೃತಿಯಲ್ಲಿ ಗಡಿಜಗಳಕ್ಕೇ ಒಂದು ಪ್ರಕರಣ ಮೀಸಲು. ಹೊಲ, ಮನೆ, ಕಾಡು, ಊರು, ಹುಲ್ಲುಗಾವಲು, ಕಣ ಇವಕ್ಕೆ ಬೆಂಕಿಯಿಟ್ಟವನನ್ನು ಒಣಹುಲ್ಲಿನ ಬೆಂಕಿಯಲ್ಲೇ ಸುಡಬೇಕು ಎನ್ನುವ ಶಿಕ್ಷೆ ಅದರಲ್ಲಿದೆ. ಕೌಟಿಲ್ಯನದೂ ಅದೇ ಮಾತು. ಹೊಲದ ಬೆಂಕಿಗೆ ನಮ್ಮ ಹಿಂದಿನವರು ಎಷ್ಟು ಹೆದರುತ್ತಿದ್ದರು ಎನ್ನುವುದಕ್ಕೆ ಅದು ಗುರುತು.

ಇಂದಿನ ಠಾಣೆಗೆ ಹೋಗುವುದಕ್ಕೆ ಒಂದು ಎಚ್ಚರಿಕೆ ಬೇಕು. ಅಜಾಗರೂಕತೆಯ ಪ್ರಕರಣದಲ್ಲಿ ಶಿಕ್ಷೆಯಾದರೂ ದಂಡದ ಹಣ ಸಾಮಾನ್ಯವಾಗಿ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಅದರಿಂದ ಬೇಲಿ ಏಳುವುದಿಲ್ಲ. ಎರಡು ಸಾವಿರ ದಂಡ ತೆತ್ತ ನೆರೆಯವನು ಮುಂದಿನ ಇಪ್ಪತ್ತು ವರ್ಷ ಬದುವಿನ ಆಚೆ ಕೂತಿರುತ್ತಾನೆ.

ಹೊಣೆ ಬೆಂಕಿಯ ಹಿಂದೆ ಹೋಗುತ್ತದೆ ಎಂದೆ. ಆದರೆ ಬೆಂಕಿಯ ಕೈ ಯಾವುದು? ಪಹಣಿಯಲ್ಲಿ ಹೆಸರಿರುವವನು ಮೈಸೂರಿನ ಕುವೆಂಪುನಗರದಲ್ಲಿ ಮನೆ ಮಾಡಿರುತ್ತಾನೆ. ಹೊಲ ಮಾಡುತ್ತಿರುವವನು ವಾರಕ್ಕೆ ಅಥವಾ ಗುತ್ತಿಗೆಗೆ ಹಿಡಿದವನು. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿಯ ನಂತರ ಕೃಷಿಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ, ಸೈನಿಕರಂಥ ಕೆಲವರಿಗೆ ಬಿಟ್ಟರೆ. ಹಾಗಾಗಿ ಈ ಒಪ್ಪಂದಗಳಿಗೆ ಕಾಗದ ಇರುವುದಿಲ್ಲ. ಬೆಂಕಿ ಬಿದ್ದ ದಿನ ಮಾಲೀಕ “ಮಾಡ್ತಿರೋನು ಅವನು” ಎನ್ನುತ್ತಾನೆ, ಮಾಡುತ್ತಿರುವವನು “ಹೊಲ ಅವರದು ಕನಣ್ಣ” ಎನ್ನುತ್ತಾನೆ. ಕಾನೂನು ಇಲ್ಲಿ ಸಾಮಾನ್ಯವಾಗಿ ಕೇಳುವುದು ಕಾಗದವನ್ನಲ್ಲ, ಹಿಡಿತವನ್ನು. ನೆಲದ ಮೇಲೆ ಆ ಹೊತ್ತಿಗೆ ಹಿಡಿತ ಯಾರದಿತ್ತು, ಬೆಂಕಿ ಯಾರ ಮಾತಿನ ಮೇಲೆ ಬಿತ್ತು? ಕೂಲಿಯಾಳು ಯಜಮಾನ ಹೇಳಿದಂತೆ ಹಚ್ಚಿದ್ದರೆ ಯಜಮಾನನೇ ಹೊಣೆ. ಆಳಿನ ಮೇಲೆ ಹಾಕಿ ಜಾರಿಕೊಳ್ಳುವುದಕ್ಕೆ ಆಗುವುದಿಲ್ಲ. ಕಟಾವಿಗೆ ಬಂದ ಗ್ಯಾಂಗಿನವರು ಅಡುಗೆಗೆ ಹಚ್ಚಿದ ಒಲೆಯ ಕಿಡಿ ಹಾರಿದ್ದರೆ, ಗ್ಯಾಂಗ್ ಕರೆತಂದವರು ಯಾರು, ಕೆಲಸದ ಉಸ್ತುವಾರಿ ಯಾರದು ಎಂದು ನೋಡಬೇಕಾಗುತ್ತದೆ.

ಕೆಲವು ಸಲ ಕೈಯೇ ಇರುವುದಿಲ್ಲ, ತಂತಿ ಇರುತ್ತದೆ. ಜೋತುಬಿದ್ದ ವಿದ್ಯುತ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರಿ ಕಬ್ಬಿಗೆ ಬೆಂಕಿ ಹತ್ತುವುದು ಹಳೆ ಮೈಸೂರಿನ ಬೇಸಿಗೆಗೆ ಹೊಸದಲ್ಲ. ಆಗ ಬೆಂಕಿ ಮೊದಲು ಕಂಡ ಹೊಲದವನೂ ನಷ್ಟ ಅನುಭವಿಸಿದವನೇ ಹೊರತು ಹೊಣೆಗಾರನಲ್ಲ. ವಿದ್ಯುತ್ ತಂತಿ ತಾಗಿ ಸತ್ತ ಒಬ್ಬ ಸವಾರನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ್ದು ಇಲ್ಲಿ ನೆನಪಾಗುತ್ತದೆ. ಅಪಾಯದ ವಸ್ತುವನ್ನು ಹರಿಸುವವರು ಎಚ್ಚರ ತಪ್ಪದಿದ್ದರೂ ಹೊಣೆ ಹೊರಬೇಕು ಎಂದಿತ್ತು ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ವಿರುದ್ಧದ ಆ ತೀರ್ಪು. ಸುಟ್ಟ ಕಬ್ಬನ್ನಾದರೂ ಕಾರ್ಖಾನೆಗೆ ಬೇಗ ಸಾಗಿಸಬೇಕು, ದಿನ ಕಳೆದಂತೆ ತೂಕವೂ ಸಕ್ಕರೆ ಇಳುವರಿಯೂ ಇಳಿಯುತ್ತವೆ. ಆ ಗಡಿಬಿಡಿಯಲ್ಲಿ ತಂತಿ ಎಲ್ಲಿ ಜೋತಿತ್ತು ಎಂದು ಫೋಟೊ ತೆಗೆಯುವುದನ್ನು ಎಲ್ಲರೂ ಮರೆಯುತ್ತಾರೆ.

ನಂಜನಗೂಡು ತಾಲ್ಲೂಕಿನ ತೆಂಕಣ ತುದಿಗೆ, ಹೆಡಿಯಾಲದ ಕಡೆಗೆ ಹೋದರೆ ನೆರೆಯವನೇ ಬೇರೆ. ಅಲ್ಲಿ ಬದುವಿನ ಆಚೆ ಬಂಡೀಪುರ ಹುಲಿ ಮೀಸಲು. ಆನೆಗೆಂದು ಹಾಕಿದ ರೈಲು ಹಳಿಯ ತಡೆ, ಕಂದಕ, ಸೋಲಾರ್ ಬೇಲಿ ಎಲ್ಲ ಒಂದರ ಹಿಂದೆ ಒಂದು. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿಯನ್ನು ಯಾರೂ ಮರೆತಿಲ್ಲ. ಉಪಗ್ರಹ ಚಿತ್ರಗಳ ಲೆಕ್ಕದಲ್ಲಿ ಸುಮಾರು 4,400 ಹೆಕ್ಟೇರ್, ಎಂದರೆ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿದವು. ಲಾಂಟಾನದ ಪೊದೆ ಎಷ್ಟು ಬೇಗ ಉರಿಯುತ್ತದೆ ಎಂದು ಅಂದು ಗೊತ್ತಾಯಿತು.

ಕಾಡಂಚಿನ ರೈತನಿಗೆ ಇಲ್ಲಿ ಎರಡು ಮುಖದ ಹೊಣೆ. ಅವನ ಹೊಲದಲ್ಲಿ ಹಚ್ಚಿದ ಬೆಂಕಿ ಕಾಡಿಗೆ ಹೊಕ್ಕರೆ ನೆರೆಯವನ ಬೇಲಿಯ ಮಾತಲ್ಲ ಅದು. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು, ಹಚ್ಚಿದ್ದನ್ನು ಉರಿಯಲು ಬಿಟ್ಟು ಹೋಗುವುದು ಎರಡನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ನಿಷೇಧಿಸುತ್ತದೆ. ಅರಣ್ಯದವರು ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಸುಡುವುದು ಕಾಡಿಗೆ ಬೆಂಕಿ ಹಬ್ಬದಿರಲೆಂದು. ಕಾಡಿನ ಬೆಂಕಿ ಹೊರಗೆ ಬಂದು ರೈತನ ಬೇಲಿ ಸುಟ್ಟರೆ? ಸರ್ಕಾರವೂ ಒಬ್ಬ ನೆರೆಯವನೇ. ಆದರೆ ಆ ನೆರೆಯವನ ಮೇಲೆ ದಾವೆ ಹೂಡುವುದಕ್ಕೆ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸ್ ಕೊಡಬೇಕು. ಎಚ್ಚರ ತಪ್ಪಿದ್ದನ್ನು ಸಾಬೀತು ಮಾಡಬೇಕು. ಎರಡು ತಿಂಗಳು ಆನೆ ಕಾಯುವುದಿಲ್ಲ. ನ್ಯೂ ಸೌತ್ ವೇಲ್ಸ್‌ನ ಬೇಲಿ ಕಾಯ್ದೆಗೂ ಸರ್ಕಾರದ ನೆಲವನ್ನು ಕಟ್ಟಿಹಾಕಲು ಆಗಿರಲಿಲ್ಲ. 2019-20ರ ಭೀಕರ ಕಾಡ್ಗಿಚ್ಚಿನ ಬಳಿಕ ಅಲ್ಲಿನ ಸರ್ಕಾರ ಕಾಯ್ದೆಯ ಮಾತು ಬದಿಗಿಟ್ಟು, ಸಾರ್ವಜನಿಕ ನೆಲದ ಗಡಿಯಲ್ಲಿ ಬೇಲಿ ಮತ್ತೆ ಕಟ್ಟುವವರಿಗೆ ಕಿಲೋಮೀಟರಿಗೆ 5,000 ಡಾಲರ್‌ವರೆಗೆ ನೆರವು ಕೊಟ್ಟಿತು. ಆನೆ ಮೇಯ್ದ ಬೆಳೆಗೆ ಪರಿಹಾರ ಕೊಡುವುದನ್ನು ಕಲಿತಿರುವ ನಮ್ಮ ವ್ಯವಸ್ಥೆ, ಬೇಲಿ ಸುಟ್ಟ ಬೆಂಕಿಯ ವಿಷಯದಲ್ಲಿ ಇಂಥದ್ದನ್ನು ಯೋಚಿಸಿದರೆ ತಪ್ಪೇನಿಲ್ಲ.

ಹಾಗಾದರೆ ಮಾರನೇ ಬೆಳಿಗ್ಗೆ ಬೇಲಿ ಕಳೆದುಕೊಂಡವನು ಮಾಡಬೇಕಾದ್ದೇನು? ಹೊಗೆ ಆರುವ ಮುಂಚೆ ಮಾಡಿದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಬೆಂಕಿ ಇನ್ನೂ ಇದ್ದಾಗ 112ಕ್ಕೋ 101ಕ್ಕೋ ಕರೆ ಮಾಡಿದ್ದರೆ ಅಗ್ನಿಶಾಮಕದವರ ದಾಖಲೆ ಇರುತ್ತದೆ, ಹತ್ತು ಸಾಕ್ಷಿಗಿಂತ ಅದು ಮೇಲು. ಇಲ್ಲದಿದ್ದರೆ ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ ಸ್ಥಳ ಮಹಜರು ಮಾಡಿಸಬೇಕು. ಬೆಂಕಿ ಯಾವ ಕಡೆಯಿಂದ ಬಂತು ಎಂದು ಬೂದಿಯೇ ಹೇಳುತ್ತದೆ. ಸುಟ್ಟ ಕಳ್ಳಿಯ ಒಂದು ಮೈ ಕರಕಲಾಗಿ ಇನ್ನೊಂದು ಮೈ ಹಸಿರಾಗಿರುತ್ತದೆ. ಎಷ್ಟು ಮಾರು ಬೇಲಿ, ಎಷ್ಟು ಕಂಬ, ಎಷ್ಟು ಎಳೆ ತಂತಿ ಎಂದು ಬರೆದು, ಇಬ್ಬರು ಪಕ್ಕದವರ ಸಹಿ ಹಾಕಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದು ಇಟ್ಟುಕೊಂಡರೆ ಅರ್ಧ ಜಗಳ ಮುಗಿದಂತೆ. ಫಸಲ್ ಬಿಮಾ ಯೋಜನೆಯ ಬಾಗಿಲು ತಟ್ಟುವುದು ವ್ಯರ್ಥ, ಅದು ಬೆಳೆಗೆ, ಬೇಲಿಗಲ್ಲ. ಸಿವಿಲ್ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಅದರ ಬದಲು ನಂಜನಗೂಡಿನಲ್ಲೂ ತಿ. ನರಸೀಪುರದಲ್ಲೂ ಇರುವ ನ್ಯಾಯಾಲಯಗಳಿಗೆ ಹೊಂದಿಕೊಂಡ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ದಾವೆಗೆ ಮುಂಚೆಯೇ ಲೋಕ ಅದಾಲತ್‌ನಲ್ಲಿ ಕೂತು ತೀರಿಸಿಕೊಳ್ಳುವುದು ಮೇಲು. ಅಲ್ಲಿನ ತೀರ್ಮಾನಕ್ಕೆ ನ್ಯಾಯಾಲಯದ ಡಿಕ್ರಿಯ ಬೆಲೆ ಇದೆ, ಮೇಲ್ಮನವಿ ಇಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ವಕೀಲರ ನೆರವೂ ಉಚಿತ.

ಪರಿಹಾರ ಎಷ್ಟು ಎನ್ನುವುದರಲ್ಲಿ ಒಂದು ತಕರಾರು ಇದ್ದೇ ಇರುತ್ತದೆ. ಸುಟ್ಟದ್ದು ಹದಿನೈದು ವರ್ಷದ ತುಕ್ಕು ತಂತಿ, ಕೇಳುವುದು ಹೊಸ ತಂತಿಯ ಬೆಲೆ. ನ್ಯಾಯಾಲಯ ಹಳೆಯದರ ಸವಕಳಿಯನ್ನು ಕಳೆದೇ ಕೊಡುತ್ತದೆ. ಆದರೆ ನಲವತ್ತು ವರ್ಷ ಬೆಳೆದ ಲಕ್ಕಿ ಬೇಲಿಗೆ ಸವಕಳಿ ಎಲ್ಲಿ? ಅದು ವರ್ಷ ಕಳೆದಷ್ಟೂ ದಟ್ಟವಾಗಿದ್ದು. ಹೊಸ ಸಸಿ ನೆಟ್ಟರೆ ಕುರಿ ನುಗ್ಗದಷ್ಟು ಬೆಳೆಯಲು ನಾಲ್ಕು ವರ್ಷ ಬೇಕು. ಆ ನಾಲ್ಕು ವರ್ಷ ಕಟ್ಟುವ ಒಣಮುಳ್ಳಿನ ಬೇಲಿಯ ಕೂಲಿ, ಜೊತೆಗೆ ಸಸಿಯ ಬೆಲೆ, ಇವಿಷ್ಟೂ ಸೇರಿಸಿ ಕೇಳುವುದು ನ್ಯಾಯವೇ. ಊರಿನಲ್ಲಿ ಇದನ್ನು ಸಾಮಾನ್ಯವಾಗಿ ತೀರಿಸುವುದು ಹಣದಲ್ಲಲ್ಲ. ಸುಟ್ಟವನು ಆಳು ಕರೆತಂದು ಮುಳ್ಳು ಕಡಿದು ಬೇಲಿ ಒತ್ತಿಸಿಕೊಡುತ್ತಾನೆ, ಆ ದಿನ ಊಟ ಬೇಲಿ ಕಳೆದುಕೊಂಡವನ ಮನೆಯಲ್ಲಿ. ಆ ಒಪ್ಪಂದವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟರೆ ಮುಂದಿನ ತಲೆಮಾರಿಗೆ ಅನುಕೂಲ.

ಬೇಲಿ ಒತ್ತುವ ಆ ದಿನವೇ ಇನ್ನೊಂದು ಕತೆ ಶುರುವಾಗುವುದುಂಟು. ಮುಳ್ಳು, ಪೊದೆ, ಬಳ್ಳಿ ಎಲ್ಲ ಸುಟ್ಟು ಬದು ಬೋಳಾದಾಗ, ಎಷ್ಟೋ ವರ್ಷದಿಂದ ಯಾರ ಕಣ್ಣಿಗೂ ಬೀಳದೆ ಮಣ್ಣಲ್ಲಿ ಅರ್ಧ ಹೂತಿದ್ದ ಬಾಂದುಕಲ್ಲು ಬೂದಿಯ ನಡುವೆ ತಲೆಯೆತ್ತುತ್ತದೆ. ಬೇಲಿ ಇದ್ದ ಸಾಲಿಗೂ ಅದಕ್ಕೂ ಎರಡು ಮೊಳ ಅಂತರ. ಬೇಲಿ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಸರಿದಿತ್ತು, ಯಾರ ಕಡೆಗೆ ಎಂಬುದು ಈಗ ಬಯಲು. ಹನ್ನೆರಡು ವರ್ಷ ಬಹಿರಂಗವಾಗಿ, ಎದುರಾಳಿಯಾಗಿ ಅನುಭವಿಸಿದ ಖಾಸಗಿ ನೆಲಕ್ಕೆ ಹಕ್ಕು ಸಾಧಿಸುವ ಅವಕಾಶ ಕಾನೂನಿನಲ್ಲಿದೆ. ಸರ್ಕಾರದ ನೆಲವಾದರೆ ಮೂವತ್ತು. ಅನುಭವ ಎಲ್ಲಿಯವರೆಗಿತ್ತು ಎನ್ನುವುದಕ್ಕೆ ಬೇಲಿಯೇ ಮುಖ್ಯ ಸಾಕ್ಷಿಯಾಗಿತ್ತು, ಆ ಸಾಕ್ಷಿ ನಿನ್ನೆ ಸುಟ್ಟುಹೋಯಿತು. ನಿನ್ನೆ ಸಂಜೆ ಬೇಲಿ ಕಟ್ಟಿಕೊಡಲು ಒಪ್ಪಿದ್ದವನು ಈ ಬೆಳಿಗ್ಗೆ ಕಲ್ಲಿನ ಪಕ್ಕ ಕೂತು, ಹಳೆಯ ಸಾಲಿಗೆ ಒಂದು ಮುಳ್ಳನ್ನೂ ಒತ್ತಿಸಲಾರೆ ಎನ್ನುತ್ತಾನೆ. ಮುಳ್ಳಿನ ಹೊರೆ ಬದುವಿನ ಮೇಲೆ ಬಿದ್ದಿದೆ. ತಾಲ್ಲೂಕು ಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಬಂದಾಗಿದೆ. ಭೂಮಾಪಕರು ಬರುವ ದಿನ ಇನ್ನೂ ಗೊತ್ತಾಗಿಲ್ಲ, ಎರಡೂ ಹೊಲಗಳ ನಡುವೆ ಕುರಿಗಳು ಆರಾಮಾಗಿ ಓಡಾಡುತ್ತಿವೆ.